ದುಬಾರಿ ವಯರ್ ಹಾಕಿದರೆ ಚೆಂಡೆ ಚಂದ ಕೇಳುತ್ತದಾ?

ಕಾಸರಗೋಡಿನ ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಮನೆಗಳಿಗೆ ಸ್ಟೀರಿಯೊ ಬಂದದ್ದು ಗಲ್ಫ್‌ನಿಂದ. ಅಕಾಯ್, ಸಾನ್‌ಸುಯಿ, ನ್ಯಾಷನಲ್ ಪ್ಯಾನಸೋನಿಕ್... ಸೆಟ್ ಯಾವುದೇ ಇರಲಿ, ಸ್ಪೀಕರಿಗೆ ಎಳೆಯುತ್ತಿದ್ದದ್ದು ಮನೆಯಲ್ಲಿ ಉಳಿದ ಜೋಡಿ ವಯರ್. ಚಾವಡಿಯಲ್ಲಿ ಸೆಟ್, ಜಗಲಿಯಲ್ಲಿ ಸ್ಪೀಕರ್. ತಾಳಮದ್ದಳೆಯ ಕ್ಯಾಸೆಟ್ ಹಾಕಿದರೆ ಅಂಗಳದವರೆಗೆ ಕೇಳಬೇಕು, ಅಷ್ಟೇ. ವಯರಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಅದೇ ಹಳೇ ಸೆಟ್ ರಿಪೇರಿ ಮಾಡಿಸಿ ಕೂತವರಿಗೆ ಮೊದಲು ಸಿಗುವ ಸಲಹೆ: ‘ಕೇಬಲ್ ಬದಲಿಸಿ ನೋಡಿ ಭಟ್ರೇ, ಮತ್ತೆ ಹೇಳಿ.’

ಈ ಸಲಹೆ ಹುಟ್ಟಿ ಸುಮಾರು 50 ವರ್ಷವಾಯಿತು. ಅದಕ್ಕೆ ಮೊದಲು ಅಮೆರಿಕದಲ್ಲೂ ಟೇಬಲ್ ಲ್ಯಾಂಪಿನ ವಯರನ್ನೇ ಸ್ಪೀಕರಿಗೆ ಹಾಕುತ್ತಿದ್ದರು. 1970ರ ದಶಕದ ಕೊನೆಗೆ ನೋಯೆಲ್ ಲೀ ಎಂಬ ಎಂಜಿನಿಯರ್ ದಪ್ಪ ತಾಮ್ರದ ವಯರಿಗೆ ಮಾನ್‌ಸ್ಟರ್ ಕೇಬಲ್ ಅಂತ ಹೆಸರಿಟ್ಟು ಮಾರತೊಡಗಿದರು. ವಯರ್ ಎನ್ನುವುದು ಸೆಟ್ಟಿನ ಹಾಗೆ ಆರಿಸಿ, ಕೇಳಿ ಕೊಳ್ಳುವ ವಸ್ತುವಾದದ್ದು ಆಗ.

ದಪ್ಪ ವಯರಿನ ಮಾತಿನಲ್ಲಿ ಹುರುಳು ಇಲ್ಲದೆ ಇಲ್ಲ. ಅಡಿಕೆ ತೋಟಕ್ಕೆ ಸಣ್ಣ ಪೈಪಿನಲ್ಲಿ ದೂರದಿಂದ ನೀರು ಬಿಟ್ಟರೆ ಕೊನೆಯ ಸ್ಪ್ರಿಂಕ್ಲರ್ ಸರಿಯಾಗಿ ತಿರುಗುವುದಿಲ್ಲವಲ್ಲ, ಇದೂ ಹಾಗೆಯೇ. ಚಾವಡಿಯಿಂದ ಜಗಲಿಗೆ 10 ಮೀಟರ್ ಅಂತಿಟ್ಟುಕೊಳ್ಳಿ. ಹೋಗಿ ಬರುವ ತಾಮ್ರ 20 ಮೀಟರ್. ಅರ್ಧ ಸ್ಕ್ವೇರ್ ಎಂಎಂ ವಯರಾದರೆ ಅದರ ತಡೆ ಸುಮಾರು 0.7 ಓಮ್, ಎರಡೂವರೆ ಸ್ಕ್ವೇರಿನದಾದರೆ 0.14 ಓಮ್. ವಯರಿನ ತಡೆ ಸ್ಪೀಕರಿನ ಓಮಿನ 5 ಶೇಕಡದೊಳಗೆ ಇರಲಿ ಎಂಬುದು ರೂಢಿಯ ಲೆಕ್ಕ. 8 ಓಮ್ ಸ್ಪೀಕರಿಗೆ ಅದು 0.4 ಓಮ್. ಅಂದರೆ ಆ ತೆಳು ವಯರ್ ಜಗಲಿಗೆ ಸಾಲದು, ಆಂಪ್ಲಿಫೈಯರ್ ಪಕ್ಕದಲ್ಲೇ ಸ್ಪೀಕರ್ ಇದ್ದರೆ ಧಾರಾಳ ಸಾಕು. ಲೆಕ್ಕ ಉದ್ದ ಮತ್ತು ದಪ್ಪದ್ದು. ಕರೆಂಟಿನ ಅಂಗಡಿಯಲ್ಲಿ ಸಿಗುವ ಎರಡೂವರೆ ಸ್ಕ್ವೇರಿನ ತಾಮ್ರಕ್ಕೂ ಮಿರಿಮಿರಿ ಜಾಲರಿ ಹೊದ್ದ ಅಷ್ಟೇ ದಪ್ಪದ ಕೇಬಲಿಗೂ ಇಲ್ಲಿ ಅಂತರವಿಲ್ಲ.

ಆದರೆ ಕಿವಿಗೆ ಬೇರೆ ಕೇಳುತ್ತದೆ ಎನ್ನುವವರನ್ನು ಏನು ಮಾಡುವುದು? 1982ರಲ್ಲಿ ಅಮೆರಿಕದ ಡೇವಿಡ್ ಕ್ಲಾರ್ಕ್ ಇದನ್ನು ಪರೀಕ್ಷಿಸುವ ಸ್ವಿಚ್ ಪೆಟ್ಟಿಗೆಯೊಂದರ ವಿವರ ಪ್ರಕಟಿಸಿದರು. ಹೋಲಿಸಬೇಕಾದ ಎರಡಕ್ಕೆ ಎ, ಬಿ ಅಂತ ಹೆಸರು, ಎರಡನ್ನೂ ಕೇಳಬಹುದು. ಮೂರನೆಯದಾಗಿ ಕೇಳಿಸುವ ಎಕ್ಸ್ ಇವೆರಡರಲ್ಲಿ ಯಾವುದು ಅಂತ ಕೇಳುವವನಿಗೂ ಗೊತ್ತಿಲ್ಲ, ಪರೀಕ್ಷೆಗೆ ಕೂರಿಸಿದವನಿಗೂ ಗೊತ್ತಿಲ್ಲ. ಮರುವರ್ಷ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ ಸ್ಪೀಕರ್ ವಯರುಗಳನ್ನು ಕಾಣದ ಹಾಗಿಟ್ಟು ಪರೀಕ್ಷೆ ಮಾಡಿಸಿತು. ‘ಶೋ’ ಎನ್ನುವ ಪರೀಕ್ಷಾ ಸದ್ದಿನಲ್ಲಿ ತೀರ ತೆಳುವಾದ 24 ಗೇಜಿನ ವಯರ್ ಸಿಕ್ಕಿಬಿತ್ತು (ಗೇಜಿನ ಸಂಖ್ಯೆ ಇಳಿದಷ್ಟೂ ವಯರ್ ದಪ್ಪ). ಸಂಗೀತ ಹಾಕಿದಾಗ ಸಾಮಾನ್ಯ 16 ಗೇಜಿನ ವಯರನ್ನು ಮಾನ್‌ಸ್ಟರಿನಿಂದ ಬೇರೆ ಅಂತ ಗುರುತಿಸಲು ಆಗಲಿಲ್ಲ. 2007ರಲ್ಲಿ, ಪವಾಡದ ಮಾತುಗಳನ್ನು ಪರೀಕ್ಷೆಗೊಡ್ಡುತ್ತಿದ್ದ ಜಾದೂಗಾರ ಜೇಮ್ಸ್ ರಾಂಡಿ 7,250 ಡಾಲರಿನ ಸ್ಪೀಕರ್ ಕೇಬಲ್ ಒಂದನ್ನು ಹಿಡಿದು, ಕಿವಿಯಿಂದಲೇ ಗುರುತಿಸಿದರೆ 10 ಲಕ್ಷ ಡಾಲರ್ ಅಂದರು. ಆ ಪರೀಕ್ಷೆ ಕೊನೆಗೂ ನಡೆಯಲೇ ಇಲ್ಲ.

ಹಾಗಂತ ನಮ್ಮೂರಲ್ಲಿ ಕೇಬಲ್ ಬದಲಿಸಿ ‘ಜಾಗಟೆ ಈಗ ಬಿಡಿಸಿ ಕೇಳುತ್ತದೆ’ ಎನ್ನುವವರೆಲ್ಲ ಭ್ರಮೆಯಲ್ಲಿದ್ದಾರೆ ಅನ್ನಲಾರೆ. ಕಡಲ ಗಾಳಿ, ನಾಲ್ಕು ತಿಂಗಳ ಮಳೆ. ಹಳೇ ವಯರಿನ ತುದಿ ಬಿಚ್ಚಿ ನೋಡಿ: ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರುತ್ತದೆ, ಎಳೆಗಳಲ್ಲಿ ಅರ್ಧ ತುಂಡಾಗಿರುತ್ತವೆ, ಸ್ಪೀಕರಿನ ಹಿಂದಿನ ಸ್ಪ್ರಿಂಗ್ ಕ್ಲಿಪ್ಪು ಸಡಿಲ. ಹೊಸ ಕೇಬಲ್ ಹಾಕುವಾಗ ಇದೆಲ್ಲ ತಾನಾಗಿಯೇ ಸರಿಹೋಗುತ್ತದೆ. ಸದ್ದು ನಿಜಕ್ಕೂ ಸುಧಾರಿಸುತ್ತದೆ, ಹೆಸರು ಮಾತ್ರ ಕೇಬಲಿನ ರೇಟಿಗೆ ಬರುತ್ತದೆ! ಹಳೇ ವಯರಿನ ತುದಿ ಎರಡಿಂಚು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವ ಹಾಗೆ ಸುಲಿದು, ಕ್ಲಿಪ್ಪು ಉಜ್ಜಿ ಬಿಗಿಯಾಗಿ ಕೂರಿಸಿದರೆ ಖರ್ಚೇ ಇಲ್ಲ. ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಸದ್ದು ಒಯ್ಯುವ ಆರ್‌ಸಿಎ ಕೇಬಲಿನ ಮೇಲ್ಜಾಲರಿ ಕಿತ್ತುಹೋಗಿ ‘ಗುಂಯ್’ ಅನ್ನುತ್ತಿದ್ದರೆ ಮಾತ್ರ ಹೊಸದು ತರಲೇಬೇಕು. ಅದಕ್ಕೂ ಸಾವಿರಗಟ್ಟಲೆ ಸುರಿಯಬೇಕಾಗಿಲ್ಲ.

ಹೋಲಿಸಿ ನೋಡುವುದಿದ್ದರೆ ಮೊದಲು ಹಳೆಯದನ್ನು ಹೀಗೆ ಸರಿಮಾಡಿ. ಎರಡರಲ್ಲೂ ಸದ್ದು ಒಂದೇ ಮಟ್ಟಕ್ಕೆ ಬರಬೇಕು. ಕೂದಲೆಳೆಯಷ್ಟು ಜೋರಾಗಿದ್ದದ್ದೂ ‘ಚಂದ’ ಅಂತಲೇ ಅನಿಸುತ್ತದೆ. ಸ್ಪೀಕರಿನ ತುದಿಯಲ್ಲಿ ವೋಲ್ಟ್ ಮೀಟರ್ ಹಿಡಿದರೆ ಗೊತ್ತಾಗುತ್ತದೆ. ಮತ್ತೆ ಮನೆಯವರಲ್ಲಿ ಒಬ್ಬರನ್ನು ಹಿಂದೆ ನಿಲ್ಲಿಸಿ. ಪ್ರತಿ ಸಲ ನಾಣ್ಯ ಚಿಮ್ಮಿಸಿ ಅವರು ಯಾವುದಾದರೊಂದು ವಯರ್ ಸಿಕ್ಕಿಸಲಿ, ತುಟಿ ಬಿಚ್ಚದಿರಲಿ. ಹಾಡು ಅದೇ ಇರಲಿ. ಹತ್ತರಲ್ಲಿ ಐದಾರು ಸಲ ಸರಿ ಹೇಳುವುದು ದೊಡ್ಡದಲ್ಲ, ಸುಮ್ನೆ ಊಹಿಸಿದರೂ ಅಷ್ಟಾಗುತ್ತದೆ. 9 ಅಥವಾ 10 ಸರಿಬಂದರೆ ವಿಷಯ ಬೇರೆ. ಅದು ಅದೃಷ್ಟದಿಂದ ಆಗುವುದು ನೂರಕ್ಕೆ ಒಂದು ಸಲ. ಅಷ್ಟು ಬಾರದಿದ್ದರೆ ಕೇಬಲನ್ನು ಅಂಗಡಿಗೆ ವಾಪಸ್ ಕೊಟ್ಟುಬಿಡಿ, ಅವರು ತೆಗೆದುಕೊಂಡರೆ.