32 ಡಿಗ್ರಿಗೇ ಮ್ಯಾಚ್ ನಿಲ್ಲಿಸುತ್ತಾರಾ? ನಮ್ಮೂರಲ್ಲಿ 41 ಇರುತ್ತದಲ್ಲ!

ಪ್ರಶ್ನೆ: ಸರ್, 2008ರ ಒಲಿಂಪಿಕ್ಸ್ ಫುಟ್‌ಬಾಲ್ ಫೈನಲ್‌ನ ಹಳೇ ವಿಡಿಯೋ ನೋಡ್ತಿದ್ದೆ. ಅರ್ಜೆಂಟೀನಾ ಮತ್ತು ನೈಜೀರಿಯಾ ಮ್ಯಾಚ್. ಆಟದ ಮಧ್ಯೆ ನಿಲ್ಲಿಸಿ ಎಲ್ಲರೂ ನೀರು ಕುಡೀತಾರೆ. ಈಗ 32 ಡಿಗ್ರಿ ದಾಟಿದರೆ ಹೀಗೆ ಬಿಡುವು ಕೊಡಬೇಕು ಅಂತ ಫಿಫಾ ನಿಯಮವೇ ಇದೆಯಂತೆ. ನಮ್ಮ ಕಲಬುರಗಿಯಲ್ಲಿ 32 ಅಂದ್ರೆ ತಂಪು ದಿನ. ಮೇ ತಿಂಗಳಲ್ಲಿ 41 ಇದ್ದಾಗಲೂ ನಮ್ಮ ಹುಡುಗರು ಆಡ್ತಾರೆ. ಇದು ಅತಿ ಆಯ್ತು ಅಲ್ವಾ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಒಂದು ಸಲ ರಾಯಚೂರು, ಇನ್ನೊಂದು ಸಲ ಬಳ್ಳಾರಿ. ಶಾಲೆ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಾ ಬಂದವನು ನಾನು. ಅವರ ಅಪ್ಪಂದಿರಿಗೆ, ದೈಹಿಕ ಶಿಕ್ಷಕರಿಗೆ, ಟೂರ್ನಮೆಂಟ್ ನಡೆಸುವವರಿಗೆ ಇದೇ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಂದು ಸಲ ಹೇಳುತ್ತೇನೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಮೊದಲು ಆ ಮ್ಯಾಚ್. 2008ರ ಆಗಸ್ಟ್ 23, ಬೀಜಿಂಗ್‌ನ ಹಕ್ಕಿಗೂಡು ಕ್ರೀಡಾಂಗಣ. ಕಿಕ್ ಆಫ್ ಆಗಿದ್ದು ಸರಿಯಾಗಿ ಮಧ್ಯಾಹ್ನ 12ಕ್ಕೆ. ಸಂಜೆ ಅದೇ ಕ್ರೀಡಾಂಗಣದಲ್ಲಿ ಅಥ್ಲೆಟಿಕ್ಸ್ ಇತ್ತು. ಒಲಿಂಪಿಕ್ಸ್‌ನ ಪುರುಷರ ಫುಟ್‌ಬಾಲ್ 23ರೊಳಗಿನ ಹುಡುಗರ ಆಟ. ದೊಡ್ಡ ವಯಸ್ಸಿನವರು ಮೂರೇ ಜನಕ್ಕೆ ಅವಕಾಶ. ಅರ್ಜೆಂಟೀನಾದ ಮೆಸ್ಸಿಗೆ ಆಗ 21, ಅದೇ ತಂಡದ ಡಿ ಮರಿಯಾಗೆ 20. ನೆತ್ತಿ ಸುಡುವ ಬಿಸಿಲು, ಅದರ ಜೊತೆಗೆ ಬೀಜಿಂಗ್ ಆಗಸ್ಟ್‌ನ ಸೆಖೆ. ಮೈದಾನದ ಮೇಲೆ 42 ಡಿಗ್ರಿ ಇತ್ತು ಎಂದು ವರದಿಯಾಯಿತು. ರೆಫರಿ ಒಂದೊಂದು ಅರ್ಧದಲ್ಲೂ ಒಮ್ಮೆ ಆಟ ನಿಲ್ಲಿಸಿ ನೀರು ಕುಡಿಸಿದರು. 58ನೇ ನಿಮಿಷದಲ್ಲಿ ಮೆಸ್ಸಿ ಕೊಟ್ಟ ಪಾಸ್ ಹಿಡಿದು ಡಿ ಮರಿಯಾ ಗೋಲಿಯ ತಲೆ ಮೇಲಿಂದ ಚೆಂಡನ್ನು ಎತ್ತಿ ಹಾಕಿದ. 1-0. ಅಷ್ಟೇ ಗೋಲು. ಇದೇ ಎರಡು ದೇಶಗಳು 1996ರ ಅಟ್ಲಾಂಟಾ ಫೈನಲ್ ಆಡಿದಾಗ ನೈಜೀರಿಯಾ 3-2ರಿಂದ ಗೆದ್ದಿತ್ತು.

ಈಗ ನಿಮ್ಮ 32.

ಆ 32 ನಿಮ್ಮ ಮೊಬೈಲ್ ತೋರಿಸುವ 32 ಅಲ್ಲ. ಎಲ್ಲ ಗೊಂದಲಕ್ಕೂ ಬೇರು ಇದೇ. ಮೊಬೈಲ್ ತೋರಿಸುವುದು ನೆರಳಿನಲ್ಲಿ ಅಳೆದ ಗಾಳಿಯ ಬಿಸಿ. ಫಿಫಾ ಹೇಳುವ 32 ಬೇರೆ ಅಳತೆ. ಅದರ ಹೆಸರು ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್, ಚಿಕ್ಕದಾಗಿ ಡಬ್ಲ್ಯುಬಿಜಿಟಿ. ಎರಡಕ್ಕೂ ಡಿಗ್ರಿ ಸೆಲ್ಸಿಯಸ್ ಅಂತಲೇ ಬರೆಯುತ್ತಾರೆ. ಅದಕ್ಕೇ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಪೇಪರಿನವರೂ ಅಂದುಕೊಳ್ಳುತ್ತಾರೆ, ಟಿವಿ ಕಾಮೆಂಟರಿಯವರೂ ಅಂದುಕೊಳ್ಳುತ್ತಾರೆ.

ನಿಜ ಹೇಳಬೇಕೆಂದರೆ ಕನ್ನಡದವರಿಗೆ ಇದು ಬೇಗ ಅರ್ಥವಾಗಬೇಕು. ನಮ್ಮಲ್ಲಿ ಬಿಸಿಲು ಬೇರೆ, ಸೆಖೆ ಬೇರೆ. ಕಲಬುರಗಿಯವರು 'ಬಿಸಲ ಭಾಳ ಅದ' ಅನ್ನುತ್ತಾರೆ. ಮಂಗಳೂರಿನವರು 'ಎಂಥ ಸೆಖೆ ಮಾರಾಯ್ರೆ' ಅನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ಒಂದೇ ಕಷ್ಟವಲ್ಲ. ಬಿಸಿಲಿನಿಂದ ನೆರಳಿಗೆ ಓಡಿದರೆ ಬಚಾವಾಗಬಹುದು. ಸೆಖೆ ನೆರಳಿಗೂ ಬರುತ್ತದೆ. ಡಬ್ಲ್ಯುಬಿಜಿಟಿ ಮಾಡುವುದು ಇಷ್ಟೇ: ಬಿಸಿಲು, ಸೆಖೆ, ಗಾಳಿಯ ಬಿಸಿ ಮೂರನ್ನೂ ಸೇರಿಸಿ ಒಂದು ಅಂಕಿ ಕೊಡುತ್ತದೆ.

ಮನೆಯ ಮಣ್ಣಿನ ಮಡಕೆ ನೆನಪು ಮಾಡಿಕೊಳ್ಳಿ. ಕಲಬುರಗಿಯಲ್ಲಿ ಮೇ ತಿಂಗಳಲ್ಲೂ ಮಡಕೆ ನೀರು ತಣ್ಣಗಿರುತ್ತದೆ. ಅದೇ ಮಡಕೆಯನ್ನು ಮಂಗಳೂರಿಗೆ ತಂದಿಡಿ. ನೀರು ಅಷ್ಟು ತಣ್ಣಗಾಗುವುದಿಲ್ಲ. ಮಡಕೆ ಕೆಟ್ಟಿಲ್ಲ. ಮಡಕೆಯ ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಒಣಗಾಳಿಯಲ್ಲಿ ಬೇಗ ಆರುತ್ತದೆ. ತೇವದ ಗಾಳಿಯಲ್ಲಿ ಬೇಗ ಆರುವುದಿಲ್ಲ.

ನಮ್ಮ ದೇಹವೂ ಅಂಥದ್ದೇ ಮಡಕೆ. ಓಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಬಿಸಿಯಾಗಿಯೇ ಹೋಗುತ್ತದೆ. ಆ ಬಿಸಿ ಹೊರಗೆ ಬರಲೇಬೇಕು. ಬೇಸಿಗೆಯಲ್ಲಿ ಅದಕ್ಕಿರುವ ದೊಡ್ಡ ದಾರಿ ಬೆವರು. ಆದರೆ ಬೆವರು ಬಂದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಬಿಸಿ ಹೊರಗೆ ಹೋಗುತ್ತದೆ. ಅದೇ ಬೆವರು ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ನೀರೂ ಉಪ್ಪೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ.

ಇದನ್ನು ಅಳೆಯುವುದು ಹೇಗೆ? ಮೂರು ಥರ್ಮಾಮೀಟರ್ ಬೇಕು. ಒಂದು ಮಾಮೂಲಿಯದು. ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಅದೇ ನಮ್ಮ ಮಡಕೆ. ಮೂರನೆಯದನ್ನು ಕಪ್ಪು ಬಣ್ಣ ಬಳಿದ ಟೊಳ್ಳು ಗೋಳದೊಳಗೆ ಇಟ್ಟು ಬಿಸಿಲಿಗೆ ಹಿಡಿಯುತ್ತಾರೆ. ಒದ್ದೆ ಬಟ್ಟೆಯ ಅಂಕಿಯನ್ನು 0.7ರಿಂದ ಗುಣಿಸಿ, ಗೋಳದ ಅಂಕಿಯನ್ನು 0.2ರಿಂದ, ಗಾಳಿಯ ಅಂಕಿಯನ್ನು 0.1ರಿಂದ. ಮೂರನ್ನೂ ಕೂಡಿಸಿ. ಗಮನಿಸಿದಿರಾ? ನಾವು ದಿನವಿಡೀ ಮಾತಾಡುವ ಗಾಳಿಯ ಬಿಸಿಗೆ ಇಲ್ಲಿ ಹತ್ತರಲ್ಲಿ ಒಂದೇ ಪಾಲು. ಸೆಖೆಗೆ ಏಳು ಪಾಲು.

ಈಗ ನಾವೇ ಲೆಕ್ಕ ಹಾಕೋಣ. ಉದಾಹರಣೆಗೆ ಮಂಗಳೂರಿನ ಒಂದು ಮಧ್ಯಾಹ್ನ. ಗಾಳಿ 34, ಒದ್ದೆ ಬಟ್ಟೆ 28, ಬಿಸಿಲ ಗೋಳ 48 ಅಂತ ಇಟ್ಟುಕೊಳ್ಳಿ. 19.6, 9.6, 3.4. ಒಟ್ಟು 32.6. ಇನ್ನು ಕಲಬುರಗಿಯ ಒಂದು ಮಧ್ಯಾಹ್ನ. ಗಾಳಿ 41, ಒದ್ದೆ ಬಟ್ಟೆ 22, ಗೋಳ 54. 15.4, 10.8, 4.1. ಒಟ್ಟು 30.3.

ನೋಡಿದಿರಲ್ಲ. ಥರ್ಮಾಮೀಟರ್‌ನಲ್ಲಿ ಏಳು ಡಿಗ್ರಿ ಕಡಿಮೆ ಇರುವ ಮಂಗಳೂರು ಇಲ್ಲಿ ಮುಂದೆ ಹೋಯಿತು. ಬೋರ್ಡಿನ ಮೇಲೆ ಈ ಲೆಕ್ಕ ಬರೆದಾಗಲೆಲ್ಲ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ. ಆ ಕ್ಷಣಕ್ಕಾಗಿಯೇ ನಾನು ಇದನ್ನು ಮತ್ತೆ ಮತ್ತೆ ಬರೆಯುತ್ತೇನೆ.

ಹಾಗಂತ ಕಲಬುರಗಿಯ 41ರಲ್ಲಿ ಆರಾಮಾಗಿ ಆಡಬಹುದು ಅಂದುಕೊಳ್ಳಬೇಡಿ. ನನ್ನ ಮಾತನ್ನು ಅರ್ಧ ಕೇಳಿಕೊಂಡು ಹೋಗುವವರು ಮಾಡುವ ತಪ್ಪು ಇದೇ. 30.3 ಕೂಡ ಅಪಾಯದ ಅಂಕಿಯೇ. ಆಟಗಾರರ ಅಂತರರಾಷ್ಟ್ರೀಯ ಸಂಘಟನೆ ಫಿಫ್‌ಪ್ರೊ ಕೇಳುತ್ತಿರುವುದು ಫಿಫಾದ 32ಕ್ಕಿಂತ ಬಿಗಿ ನಿಯಮ. ಡಬ್ಲ್ಯುಬಿಜಿಟಿ 28 ದಾಟಿದರೆ ಪಂದ್ಯವನ್ನೇ ಮುಂದಕ್ಕೆ ಹಾಕಿ ಅನ್ನುತ್ತದೆ. ನನ್ನ ಅಭಿಪ್ರಾಯವೂ ಅದೇ. ಹುಡುಗರ ಆಟಕ್ಕೆ 32 ತೀರಾ ಜಾಸ್ತಿ. ಒಣ ಬಿಸಿಲಿಗೆ ಇನ್ನೊಂದು ಗುಣ ಇದೆ. ಬೆವರು ಬಂದಷ್ಟೇ ಬೇಗ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ. ಎಷ್ಟು ನೀರು ಕಳೆದುಕೊಂಡೆ ಅಂತ ಹುಡುಗನಿಗೆ ಗೊತ್ತೇ ಆಗುವುದಿಲ್ಲ.

ಈ ಅಳತೆ ಹುಟ್ಟಿದ್ದೂ ಹುಡುಗರ ಕಾರಣಕ್ಕೇ. 1950ರ ದಶಕದಲ್ಲಿ ಅಮೆರಿಕದ ಮರೀನ್ ಪಡೆಗೆ ಹೊಸದಾಗಿ ಸೇರಿದವರು ಸೌತ್ ಕ್ಯಾರೊಲಿನಾದ ಪ್ಯಾರಿಸ್ ಐಲ್ಯಾಂಡ್‌ನಲ್ಲಿ ತರಬೇತಿ ಪಡೆಯುತ್ತಿದ್ದರು. ಅದು ಕರಾವಳಿ. ಸೆಖೆಗೆ ಒಬ್ಬರಾದ ಮೇಲೊಬ್ಬರು ಬೀಳುತ್ತಿದ್ದರು. ಬರೀ ಥರ್ಮಾಮೀಟರ್ ನೋಡಿದರೆ ಯಾವ ದಿನ ಅಪಾಯ ಅಂತ ಗೊತ್ತಾಗುತ್ತಿರಲಿಲ್ಲ. ಆಗ ಕಂಡುಕೊಂಡ ದಾರಿ ಇದು.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ. 'ನಾವು ಬಿಸಿಲಿಗೆ ಒಗ್ಗಿದವರು ಸರ್.' ಒಗ್ಗುವುದು ಸುಳ್ಳಲ್ಲ. ಬಿಸಿಲಲ್ಲಿ ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿದರೆ 10ರಿಂದ 14 ದಿನದಲ್ಲಿ ದೇಹ ಬದಲಾಗುತ್ತದೆ. ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಆದರೆ ಇದು ಅಭ್ಯಾಸದಿಂದ ಬರುವುದು, ಹುಟ್ಟಿದ ಊರಿನಿಂದ ಅಲ್ಲ. ಅಭ್ಯಾಸ ಬಿಟ್ಟರೆ ಕೆಲವೇ ವಾರಗಳಲ್ಲಿ ಹೋಗುತ್ತದೆ. ಪರೀಕ್ಷೆ ಅಂತ ಎರಡು ತಿಂಗಳು ಫ್ಯಾನ್ ಕೆಳಗೆ ಕೂತು ಓದಿದ ಹುಡುಗ ಏಪ್ರಿಲ್‌ನಲ್ಲಿ ನೇರ ಟೂರ್ನಮೆಂಟ್‌ಗೆ ಬಂದರೆ ಅವನು ಕಲಬುರಗಿಯವನಾದರೂ ಒಗ್ಗಿದವನಲ್ಲ.

2017ರಲ್ಲಿ 17ರೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆಯಿತು, ಅಕ್ಟೋಬರ್‌ನಲ್ಲಿ. ಕೊಚ್ಚಿ, ಗೋವಾ, ನವಿ ಮುಂಬಯಿ, ಕೋಲ್ಕತ್ತ, ಗುವಾಹಟಿ, ದೆಹಲಿ. ನಮ್ಮ ಹವೆಗೆ ತಣ್ಣನೆಯ ದೇಶದವರು ತಡೆಯಲ್ಲ ಅಂತ ಹೇಳಿದವರು ಬಹಳ ಜನ. ಫೈನಲ್ ಆಡಿದ್ದು ಯಾರು? ಇಂಗ್ಲೆಂಡ್ ಮತ್ತು ಸ್ಪೇನ್. ಕೋಲ್ಕತ್ತದಲ್ಲಿ ಎರಡು ಗೋಲು ಹಿಂದೆ ಬಿದ್ದಿದ್ದ ಇಂಗ್ಲೆಂಡ್ ಹುಡುಗರು 5-2ರಿಂದ ಗೆದ್ದರು. ನಮ್ಮ ಹುಡುಗರು ಮೂರೂ ಮ್ಯಾಚ್ ಸೋತರು, ಆದರೆ ಕೊಲಂಬಿಯಾ ವಿರುದ್ಧ 82ನೇ ನಿಮಿಷದಲ್ಲಿ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಗೋಲು ಫಿಫಾ ವಿಶ್ವಕಪ್‌ಗಳಲ್ಲಿ ಭಾರತದ ಮೊದಲ ಗೋಲು. ಆ ಕಾರ್ನರ್ ಕಿಕ್ ಹೊಡೆದಿದ್ದು ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ನಿಯಮ. ಡಬ್ಲ್ಯುಬಿಜಿಟಿ 32 ದಾಟಿದರೆ ಸುಮಾರು 30ನೇ ಮತ್ತು 75ನೇ ನಿಮಿಷದಲ್ಲಿ ಮೂರು ಮೂರು ನಿಮಿಷದ ಕೂಲಿಂಗ್ ಬ್ರೇಕ್. ಹೋದ ಸಮಯವನ್ನು ಕೊನೆಯಲ್ಲಿ ಸೇರಿಸುತ್ತಾರೆ. ಬರೀ ನೀರು ಕುಡಿಯುವ ಬಿಡುವು ಬೇರೆ, ಅದು ಒಂದು ನಿಮಿಷ ಮೀರುವಂತಿಲ್ಲ. ಕೂಲಿಂಗ್ ಬ್ರೇಕ್ ಎಂದರೆ ಮೈ ತಣ್ಣಗೆ ಮಾಡುವುದು. ನೆರಳು, ಕುತ್ತಿಗೆಗೆ ಐಸ್ ಟವೆಲ್, ಆಮೇಲೆ ನೀರು. 'ಆಟದ ಮಧ್ಯೆ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ, ಬಾಯಿ ಮುಕ್ಕಳಿಸಿ ಉಗುಳು' ಅಂತ ಈಗಲೂ ಹೇಳುವ ದೊಡ್ಡವರಿದ್ದಾರೆ. ದಯವಿಟ್ಟು ಹೇಳಬೇಡಿ. ಸ್ವಲ್ಪ ಸ್ವಲ್ಪ ಕುಡಿಯಲಿ.

ಹುಡುಗರ ಆಟದಲ್ಲಿ ಈ ಬಿಡುವು ಯಾಕೆ ಹೆಚ್ಚು ಮುಖ್ಯ ಅಂದರೆ, ಹುಡುಗ ತಾನಾಗಿ ನಿಲ್ಲುವುದಿಲ್ಲ. ಸೆಲೆಕ್ಟರ್ ಕೂತಿರುತ್ತಾರೆ. ಅಪ್ಪ ಅಮ್ಮ ಬಂದಿರುತ್ತಾರೆ. ತಲೆ ಸುತ್ತುತ್ತಿದೆ ಅಂದರೆ ಹೊರಗೆ ಕೂರಿಸುತ್ತಾರೆ ಅಂತ ಅವನಿಗೆ ಗೊತ್ತು. ಒಮ್ಮೆ ಒಂದು ಪಂದ್ಯದಲ್ಲಿ ನನ್ನ ಡಿಫೆಂಡರ್ ಒಬ್ಬ ಎದುರಾಳಿಗೇ ಎರಡು ಸಲ ಪಾಸ್ ಕೊಟ್ಟ. ಗಮನ ಇಲ್ಲ ಅಂತ ನಾನು ಕೂಗಿದೆ. ಮೂರನೇ ಸಲ ಅವನು ತಪ್ಪು ಗೋಲಿನ ಕಡೆ ತಿರುಗಿದಾಗ ನನಗೆ ಎದೆ ಧಸಕ್ಕೆಂದಿತು. ಮೈ ಪೂರ್ತಿ ಬೆವರಿತ್ತು. ಬೆವರು ಬರುತ್ತಿದ್ದರೆ ಹೀಟ್ ಸ್ಟ್ರೋಕ್ ಅಲ್ಲ ಅಂತ ಹಲವರು ನಂಬಿದ್ದಾರೆ. ಓಡುತ್ತಿರುವವರಿಗೆ ಹೀಟ್ ಸ್ಟ್ರೋಕ್ ಆದಾಗ ಬೆವರು ಸುರಿಯುತ್ತಲೇ ಇರಬಹುದು. ನೋಡಬೇಕಾದ್ದು ಬುದ್ಧಿ. ತಡವರಿಸಿದರೆ, ಸಂಬಂಧವಿಲ್ಲದ್ದನ್ನು ಮಾತಾಡಿದರೆ, ಸಿಟ್ಟಾದರೆ, ಆಟ ಮುಗಿಯಿತು. 108ಕ್ಕೆ ಫೋನ್ ಮಾಡಿ. ಆದರೆ ಆಂಬ್ಯುಲೆನ್ಸ್ ಬರುವ ತನಕ ಸುಮ್ನೆ ಕಾಯಬೇಡಿ. ಅಲ್ಲೇ, ಆಗಲೇ ತಣ್ಣೀರಲ್ಲಿ ಕೂರಿಸಿ. ಟಬ್ ಇಲ್ಲದಿದ್ದರೆ ಮೈಮೇಲೆ ನೀರು ಸುರಿಯುತ್ತಲೇ ಇರಿ, ಗಾಳಿ ಬೀಸಿ. ಮೊದಲು ತಂಪು, ಆಮೇಲೆ ಆಸ್ಪತ್ರೆ. ನನ್ನ ಹುಡುಗ ಉಳಿದಿದ್ದು ಪಕ್ಕದಲ್ಲೇ ನೀರಿನ ಟ್ಯಾಂಕರ್ ನಿಂತಿದ್ದರಿಂದ.

ಇನ್ನೊಂದು ವಿಷಯ. ಇದನ್ನು ನೀವು ಕೇಳಿಲ್ಲ, ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು. ಕೃತಕ ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲಿನ ಮೈದಾನ. ಈಗ ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲಿ, ಕಟ್ಟಡಗಳ ತಾರಸಿಯ ಮೇಲೂ ಟರ್ಫ್ ಇದೆ. ಬೇಸಿಗೆ ಶಿಬಿರ ಅಂತ ಮಕ್ಕಳನ್ನು ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿ ಓಡಿಸುತ್ತಾರೆ. 2015ರಲ್ಲಿ ಕೆನಡಾದಲ್ಲಿ ಮಹಿಳಾ ವಿಶ್ವಕಪ್ ಪೂರ್ತಿ ಕೃತಕ ಟರ್ಫ್ ಮೇಲೆ ನಡೆಯಿತು. ಎಡ್ಮಂಟನ್‌ನ ಮೊದಲ ಪಂದ್ಯದಲ್ಲಿ ಟರ್ಫ್‌ನ ಮೈ 49 ಡಿಗ್ರಿ ಮುಟ್ಟಿತ್ತು. ಅದೂ ಕೆನಡಾದಲ್ಲಿ!

ಕಾರಣ ಮತ್ತೆ ಅದೇ ಮಡಕೆ. ನಿಜವಾದ ಹುಲ್ಲು ಬೇರಿನಿಂದ ನೀರೆಳೆದು ಎಲೆಯಿಂದ ಆವಿ ಬಿಡುತ್ತದೆ. ಅಂದರೆ ಹುಲ್ಲೂ ಬೆವರುತ್ತದೆ, ತಣ್ಣಗಿರುತ್ತದೆ. ಪ್ಲಾಸ್ಟಿಕ್ ಎಳೆಗೆ ಬೆವರು ಇಲ್ಲ. ಎಳೆಗಳ ನಡುವೆ ತುಂಬಿದ ಕಪ್ಪು ರಬ್ಬರ್ ಪುಡಿ ಬಿಸಿಲನ್ನು ಕುಡಿದು ಇಟ್ಟುಕೊಳ್ಳುತ್ತದೆ. ಆ ಬಿಸಿ ಶೂ ಅಡಿಯಿಂದ ಪಾದಕ್ಕೆ ಏರುತ್ತದೆ, ಬಿದ್ದರೆ ಮೊಣಕಾಲಿಗೆ ತಗಲುತ್ತದೆ. ಚಿಕ್ಕ ಮಕ್ಕಳು ನೆಲಕ್ಕೆ ಹತ್ತಿರ ಇರುತ್ತಾರೆ, ಅವರಿಗೆ ಇನ್ನೂ ಜಾಸ್ತಿ. ನೀರು ಹೊಡೆದರೆ ತಣ್ಣಗಾಗುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕಾಯುತ್ತದೆ. ಎದ್ದ ಆವಿ ಸುತ್ತಲಿನ ಸೆಖೆಗೆ ಸೇರುತ್ತದೆ.

ಮಗುವನ್ನು ಶಿಬಿರಕ್ಕೆ ಬಿಡುವ ಮೊದಲು ನೀವೇ ಟರ್ಫ್ ಮೇಲೆ ಕೂತು ಕೈ ಇಟ್ಟು ನೋಡಿ. ಅಂಗೈ ಅಲ್ಲ, ಅದು ಗಟ್ಟಿ. ಕೈಯ ಹಿಂಭಾಗ. ಏಳು ಎಣಿಸುವಷ್ಟು ಹೊತ್ತು ಇಡಲು ಆಗದಿದ್ದರೆ ಮಗುವನ್ನು ಮನೆಗೆ ಕರೆದುಕೊಂಡು ಹೋಗಿ, ಸಂಜೆ ಐದರ ಬ್ಯಾಚ್ ಇದೆಯಾ ಅಂತ ಕೇಳಿ.