ದಯೆ: ಕೊಡುವ ರೀತಿಯ ಬಗ್ಗೆ ಒಂದು ಟಿಪ್ಪಣಿ

"ದಯೆ ಎಲ್ಲ ಧರ್ಮಗಳಲ್ಲೂ ಇದೆ" ಅಂತ ಬರೆದು ಮುಂದೆ ಹೋಗುವುದು ಸುಲಭ. ಆದರೆ ಗ್ರಂಥಗಳನ್ನು ನಿಧಾನವಾಗಿ ಓದಿ ನೋಡಿ. ದಯೆ ತೋರಿಸು ಅಂತ ಹೇಳಿ ಅವು ಸುಮ್ಮನಾಗುವುದಿಲ್ಲ. ಹೇಗೆ ತೋರಿಸಬೇಕು ಅನ್ನುವುದನ್ನೂ ಖಚಿತವಾಗಿ ಹೇಳುತ್ತವೆ. ಈ ಪಾಠದಲ್ಲಿ ಮುಖ್ಯವಾಗಿ ಹಿಡಿಯಬೇಕಾದ್ದು ಅದನ್ನೇ.

ಭಗವದ್ಗೀತೆಯ 17ನೇ ಅಧ್ಯಾಯ ದಾನದಲ್ಲಿ ಮೂರು ಬಗೆ ಹೇಳುತ್ತದೆ. ಮರಳಿ ಏನೂ ಬಯಸದೆ ಕೊಟ್ಟದ್ದು ಸಾತ್ವಿಕ. ಫಲದ ಆಸೆಯಿಂದ, ಒಲ್ಲದ ಮನಸ್ಸಿನಿಂದ ಕೊಟ್ಟದ್ದು ರಾಜಸ. ಮರ್ಯಾದೆ ಇಲ್ಲದೆ, ತಾತ್ಸಾರದಿಂದ ಕೊಟ್ಟದ್ದು ತಾಮಸ. ಕುರ್‌ಆನ್‌ನ 2ನೇ ಅಧ್ಯಾಯದ 263ನೇ ವಚನದ ಸಾರವೂ ಇದಕ್ಕೆ ಹತ್ತಿರ: ದಾನ ಕೊಟ್ಟು ಆಮೇಲೆ ನೋಯಿಸುವುದಕ್ಕಿಂತ ಒಳ್ಳೆಯ ಮಾತು, ಕ್ಷಮೆ ಮೇಲು. ಎರಡೂ ಕಡೆ ಪಡೆಯುವವರ ಮಾನಕ್ಕೆ ಎಷ್ಟು ಬೆಲೆ ಇದೆ ನೋಡಿ!

ದಿನದ ಬದುಕಿನಲ್ಲಿ ಇದು ಎಲ್ಲಿ ಬರುತ್ತದೆ? ಕೈಸಾಲ ಕೊಟ್ಟು, ಅದನ್ನು ನಾಲ್ಕು ಜನರ ಮುಂದೆ ಎತ್ತಿ ಆಡುವಾಗ. ಕಾಯಿಲೆಯವರ ಆರೈಕೆ ಮಾಡುತ್ತಲೇ "ನಿನ್ನಿಂದ ನನಗೆ ಎಷ್ಟು ಕಷ್ಟ" ಅನ್ನುವಾಗ. ಮಾಡಿದ ಕೆಲಸ ಒಳ್ಳೆಯದೇ, ಆದರೆ ಎದುರಿಗಿರುವವರು ಕುಗ್ಗಿಹೋಗುತ್ತಾರೆ, ಅಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳುವ ಒಳ್ಳೆಯ ಸಮಾರ್ಯದವನ, ಅಂದರೆ ಸಮಾರ್ಯ ಎಂಬ ಸೀಮೆಯವನ, ಕಥೆ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಒಬ್ಬನನ್ನು ಕಳ್ಳರು ಹೊಡೆದು, ಅರೆಜೀವ ಮಾಡಿ ಬಿಟ್ಟುಹೋಗಿರುತ್ತಾರೆ. ಯೆಹೂದ್ಯ ಯಾಜಕನೊಬ್ಬ, ಅಂದರೆ ಪುರೋಹಿತ, ನೋಡಿಯೂ ಹಾದುಹೋಗುತ್ತಾನೆ, ದೇವಾಲಯದ ಸೇವೆಯ ಕುಲದ ಲೇವಿಯನೂ ಅಷ್ಟೇ. ನಿಲ್ಲುವವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಆಗ ಆಗಿಬರುತ್ತಿರಲಿಲ್ಲ. ಅವನು ಮಾಡಿದ್ದನ್ನು ಒಂದೊಂದಾಗಿ ಗಮನಿಸಿ. ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತಾನು ಏರಿಬಂದ ಪ್ರಾಣಿಯ ಮೇಲೆ ಅವನನ್ನು ಕೂರಿಸಿದ. ಛತ್ರಕ್ಕೆ ಕರೆದೊಯ್ದು ನೋಡಿಕೊಂಡ. ಮರುದಿನ ಛತ್ರದವನಿಗೆ 2 ದಿನಾರಿ (ಆಗಿನ ಬೆಳ್ಳಿ ನಾಣ್ಯ) ಕೊಟ್ಟು, ಇನ್ನೂ ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಅಂದ.

ಈ ಕೊನೆಯ ಭಾಗವನ್ನು ಓದುವಾಗ ನಾವು ಹಾರಿಸಿಬಿಡುತ್ತೇವೆ. ಅವನು ತನ್ನ ಪ್ರಯಾಣ ಕೈಬಿಡಲಿಲ್ಲ. ಆರೈಕೆಯ ಭಾರವನ್ನು ಇನ್ನೊಬ್ಬರ ಜೊತೆ ಹಂಚಿಕೊಂಡ, ಜವಾಬ್ದಾರಿಯನ್ನು ಮಾತ್ರ ತಾನೇ ಉಳಿಸಿಕೊಂಡ. ಎಲ್ಲವನ್ನೂ ಒಬ್ಬರೇ ಹೊತ್ತರೆ ಮಾತ್ರ ದಯೆ ಅಂದುಕೊಂಡವರು ಬೇಗ ಸುಸ್ತಾಗುತ್ತಾರೆ. ಆ ಸುಸ್ತಿನಲ್ಲೇ ನೋಯಿಸುವ ಮಾತು ಬಾಯಿಂದ ಬಂದುಬಿಡುತ್ತದೆ. ಬೌದ್ಧರು ಮೈತ್ರಿ, ಕರುಣೆ, ಮುದಿತೆಗಳ (ಮುದಿತೆ ಅಂದರೆ ಬೇರೆಯವರ ಸುಖ ಕಂಡು ಪಡುವ ಸಂತೋಷ) ಜೊತೆಗೆ ಉಪೇಕ್ಷೆಯನ್ನೂ, ಅಂದರೆ ಸಮಚಿತ್ತವನ್ನೂ, ಅಭ್ಯಾಸ ಮಾಡುವುದನ್ನು ಇದರ ಪಕ್ಕದಲ್ಲಿಟ್ಟು ಓದಿ.

ಅಭ್ಯಾಸಕ್ಕೆ ಒಂದೇ ಕೆಲಸ: ಈ ವಾರ ಯಾರಿಗಾದರೂ ನೆರವಾದರೆ, ಅದನ್ನು ಮೂರನೆಯವರ ಹತ್ತಿರ ಹೇಳಬೇಡಿ.