ಹುಂಡಿಯ ಸೀಳು ಎಷ್ಟಗಲ ಇರಬೇಕು?

ಹೋದ ವಾರ ಪಕ್ಕದ ಬೀದಿಯ ಹುಡುಗನೊಬ್ಬ ಮಣ್ಣಿನ ಹುಂಡಿ ಎತ್ತಿಕೊಂಡು ಬಂದ. "ಅಣ್ಣಾ, ಹತ್ತು ರೂಪಾಯಿ ಕಾಯಿನ್ ಒಳಗೆ ಹೋಗ್ತಾ ಇಲ್ಲ" ಅಂದ. ನಾನೇ ಮಾಡಿದ ಹುಂಡಿ. ತಪ್ಪೂ ನನ್ನದೇ.

10 ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಹಸಿ ಮಣ್ಣಿನಲ್ಲಿ ಅಷ್ಟೇ ಸೀಳು ಬಿಟ್ಟರೆ ಸಾಲದು. ನಮ್ಮ ಕೋಲಾರದ ಕೆರೆ ಮಣ್ಣು ಒಣಗಿ ಸುಡುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಅದಕ್ಕೇ ನಾನು ಈಗ 32 ಮಿಲಿಮೀಟರ್ ಕೊಯ್ಯುತ್ತೇನೆ.

ಯಾವಾಗ ಕೊಯ್ಯಬೇಕು ಅನ್ನುವುದು ಇನ್ನೂ ಮುಖ್ಯ. ತಿಗರಿಯ ಮೇಲೆ ಹುಂಡಿಯ ಬಾಯಿ ಕಿರಿದು ಮಾಡುತ್ತಾ ಪೂರ್ತಿ ಮುಚ್ಚುತ್ತೇವೆ. ಒಳಗೆ ಸಿಕ್ಕಿಕೊಂಡ ಗಾಳಿ ಹೊಟ್ಟೆ ಕುಸಿಯದಂತೆ ಹಿಡಿಯುತ್ತದೆ. ಆದರೆ ಮಣ್ಣು ಕುಗ್ಗಲು ಶುರುವಾದಾಗ ಅದೇ ಗಾಳಿ ಬಿರುಕು ತರುತ್ತದೆ. ಮೊದಲೇ ಸೂಜಿಯಿಂದ ಒಂದು ತೂತು ಮಾಡಿಬಿಡಬೇಕು. ಸೀಳಿಗೆ ಆತುರ ಬೇಡ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒತ್ತಿದರೆ ತಗ್ಗಾಗಬಾರದು. ಅದೇ ಸರಿಯಾದ ಹದ. ಆಮೇಲೆ ನೆರಳಲ್ಲೇ ಒಣಗಬೇಕು.

ಮಣ್ಣಿನ ಮಾತು ಬಂತಲ್ಲ. ಮೊದಲು ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಮಣ್ಣು ತರುತ್ತಿದ್ದೆವು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಜಿಲ್ಲೆಗೆ ಬಂದ ಮೇಲೆ ನಮ್ಮ ಕಡೆಯ ಕೆರೆ ಬೇಸಿಗೆಯಲ್ಲೂ ತುಂಬಿರುತ್ತದೆ. ಕೆರೆ ತುಂಬಿದ್ದು ನೋಡಿದರೆ ಖುಷಿಯೇ. ಮಣ್ಣಿಗೆ ಮಾತ್ರ ಬೇರೆ ಕಡೆ ಅಲೆಯಬೇಕು.

ಇನ್ನು ಬಣ್ಣ. ಕೆಮ್ಮಣ್ಣನ್ನು ಸುಡುವ ಮೊದಲೇ ಬಳಿದು ನುಣುಪು ಕಲ್ಲಿನಿಂದ ಉಜ್ಜಿದರೆ ಆವಿಗೆಯ ಬೆಂಕಿಯಲ್ಲಿ ಅದು ಮೈಗೆ ಹತ್ತಿಕೊಳ್ಳುತ್ತದೆ. ಗಿಳಿ, ಹೂ, ಬಳ್ಳಿಗೆ ಹಚ್ಚುವ ಅಂಗಡಿ ಬಣ್ಣ ಹಾಗಲ್ಲ, ಸುಟ್ಟ ಮೇಲೇ ಹಚ್ಚಬೇಕು. ಸುಟ್ಟ ಮಣ್ಣು ನೀರು ಹೀರುತ್ತದೆ. ಒದ್ದೆ ನೆಲದ ಮೇಲೆ ಇಟ್ಟರೆ ತೇವ ಮೇಲೇರಿ ಬಣ್ಣ ಹೊಪ್ಪಳೆ ಏಳುತ್ತದೆ. ಎಷ್ಟೋ ಜನ ಬಣ್ಣವೇ ಕಳಪೆ ಅಂದುಕೊಳ್ಳುತ್ತಾರೆ. ಕೆಳಗೊಂದು ಮಣೆ ಇಟ್ಟರೆ ಸಾಕು.

ಹುಡುಗನಿಗೆ ಹೊಸದು ಕೊಡುತ್ತೇನೆ, ಇದನ್ನು ಒಡೆದು ಕಾಸು ಅದಕ್ಕೆ ಹಾಕಿಕೋ ಅಂದೆ. ಗೌರಿ ಹಬ್ಬದವರೆಗೂ ಒಡೆಯುವ ಹಾಗಿಲ್ಲ ಅಂತ ಹಟ ಹಿಡಿದ. ಸಣ್ಣ ಅರ ತಗೊಂಡು ಸೀಳಿನ ಎರಡೂ ತುದಿ ನಿಧಾನವಾಗಿ ಉಜ್ಜಿದೆ. ಅರ್ಧ ಗಂಟೆ ಹಿಡಿಯಿತು. ಕಾಯಿನ್ ಒಳಗೆ ಬಿತ್ತು.